ಬಟ್ಟೆ ಇತ್ತು, ಬಿದಿರು ಇತ್ತು, ಬೆಂಕಿ ಇತ್ತು, ಮತ್ಯಾಕೆ 1783ರ ತನಕ ಮನುಷ್ಯ ಹಾರ್ಲಿಲ್ಲ?

ಸಂಪಿಗೆ_ಶಿರಸಿ
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ. ವಿಮಾನ ಅಂದ್ರೆ ನಾವೆಲ್ಲ ರೈಟ್ ಸಹೋದರರು, 1903, ಅಂತ ಹೇಳಿ ಮುಂದಕ್ಕೆ ಹೋಗ್ಬಿಡ್ತೀವಿ. ಮೊನ್ನೆ ಕ್ಲಾಸಲ್ಲಿ ಅದಕ್ಕೂ ಮುಂಚೆ 1783ರಲ್ಲಿ ಪ್ಯಾರಿಸ್‌ನಲ್ಲಿ ಬಿಸಿಗಾಳಿ ಬಲೂನಲ್ಲಿ ಇಬ್ರು ಹಾರಿದ್ರು ಅಂತ ಹೇಳ್ದೆ. ಒಬ್ಳು ಹುಡುಗಿ ಕೇಳಿದ್ಲು, "ಮಿಸ್, ಅದಕ್ಕೆ ಬೇಕಾಗಿದ್ದು ಬಟ್ಟೆ, ಕಾಗದ, ಬೆಂಕಿ ತಾನೇ? ಅದೆಲ್ಲ ಮೊದ್ಲಿಂದ್ಲೂ ಇತ್ತಲ್ಲ, ಮತ್ಯಾಕೆ ಯಾರೂ ಮಾಡ್ಲಿಲ್ಲ?"

ನನಗೆ ಉತ್ತರ ಹೊಳೀಲಿಲ್ಲ, ಆಮೇಲೆ ಯೋಚನೆ ಮಾಡ್ತಾ ಹೋದ್ರೆ ಗ್ಲೈಡರ್‌ಗೂ ಅದೇ ಪ್ರಶ್ನೆ ಬರುತ್ತೆ, ಬಿದಿರು, ರೇಷ್ಮೆ, ಹಗ್ಗ ಇಷ್ಟೇ ಸಾಕು, ಎರಡು ಸಾವಿರ ವರ್ಷದ ಹಿಂದೆನೇ ಮಾಡ್ಬಹುದಿತ್ತು. ಎಂಜಿನ್ ಇರ್ಲಿಲ್ಲ ಅಂತ ಹೇಳ್ಬೇಡಿ, ಬಲೂನಿಗೂ ಗ್ಲೈಡರಿಗೂ ಎಂಜಿನ್ ಬೇಡ. ನಿಜವಾದ ಕಾರಣ ಏನು?

ಲೇತ್_ಮಶೀನು
ಕಾರಣ ಒಂದೇ ಮೇಡಂ, ಎಲ್ರೂ ಹಕ್ಕಿ ನೋಡಿ ರೆಕ್ಕೆ ಬಡಿಯೋಕೆ ಹೋದ್ರು. ಹಕ್ಕಿ ಮೈ ಬೇರೆ, ನಮ್ಮ ಮೈ ಬೇರೆ. ಪಾರಿವಾಳದ ತೂಕದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಬರೀ ಎದೆ ಸ್ನಾಯು, ಪೂರ್ತಿ ರೆಕ್ಕೆ ಬಡಿಯೋಕೆ ಅಂತಾನೇ ಇರೋದು. ನಮ್ಮ ತೋಳಲ್ಲಿ ಆ ಕಸುವು ಎಲ್ಲಿಂದ ಬರ್ಬೇಕು? ಇಟಲಿಯ ಬೊರೆಲ್ಲಿ ಅನ್ನೋರು 1680ರಲ್ಲೇ ಅಚ್ಚಾದ ಪುಸ್ತಕದಲ್ಲಿ ಪ್ರಾಣಿಗಳ ಸ್ನಾಯು ಲೆಕ್ಕ ಹಾಕಿ, ಮನುಷ್ಯ ತನ್ನ ತೋಳ್ಬಲದಿಂದ ಹಾರೋದು ಆಗಲ್ಲ ಅಂತ ಬರೆದಿಟ್ರು. ಅದಕ್ಕೂ ಮುಂಚೆ ಲಿಯೊನಾರ್ಡೊ ಡಾವಿಂಚಿ ಅಂಥವರೇ ವರ್ಷಗಟ್ಟಲೆ ರೆಕ್ಕೆ ಬಡಿಯೋ ಯಂತ್ರದ ಚಿತ್ರ ಬರೆದ್ರು, ಕಾಲಲ್ಲಿ ತುಳಿಯೋದು, ಕೈಯಲ್ಲಿ ಎಳೆಯೋದು, ರಾಟೆ, ಹಗ್ಗ ಎಲ್ಲ ಹಾಕಿ. ಆದ್ರೆ 1505ರ ಅವರ ಹಕ್ಕಿ ಹಾರಾಟದ ಟಿಪ್ಪಣಿ ನೋಡಿದ್ರೆ, ರೆಕ್ಕೆ ಬಡಿಯದೆ ಗಾಳಿ ಮೇಲೆ ತೇಲೋ ಹಕ್ಕಿಗಳ ಕಡೆ ಗಮನ ತಿರುಗಿರೋದು ಗೊತ್ತಾಗುತ್ತೆ.

ಬೆಣ್ಣೆದೋಸೆ_ದಾವಣಗೆರೆ
ಎಲ್ರೂ ರೆಕ್ಕೆ ಬಡಿದ್ರು ಅನ್ನೋದು ಒಪ್ಪಲ್ಲ ಸರ್. ರೆಕ್ಕೆ ಕಟ್ಕೊಂಡು ಜಿಗಿದು ತೇಲಿದವರ ಕಥೆಗಳೂ ಇವೆ. ಸ್ಪೇನಿನ ಕಾರ್ಡೋಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಅಂತ ಒಬ್ಬ ವಿದ್ವಾಂಸ, ಸುಮಾರು 875ರಲ್ಲಿ ಮೈಗೆ ಗರಿ ಹೊದ್ಕೊಂಡು ರೆಕ್ಕೆ ಕಟ್ಕೊಂಡು ಎತ್ತರದಿಂದ ಜಿಗಿದ, ಸಾಕಷ್ಟು ದೂರ ತೇಲ್ಕೊಂಡು ಹೋದ, ಇಳಿಯುವಾಗ ಬಿದ್ದು ಬೆನ್ನಿಗೆ ಪೆಟ್ಟಾಯ್ತು. ಇಂಗ್ಲೆಂಡಿನ ಮಾಮ್ಸ್‌ಬರಿ ಮಠದಲ್ಲಿ ಐಲ್ಮರ್ ಅನ್ನೋ ಸನ್ಯಾಸಿ, 11ನೇ ಶತಮಾನದ ಶುರುವಲ್ಲಿ, ಗೋಪುರದ ಮೇಲಿಂದ ಕೈಕಾಲಿಗೆ ರೆಕ್ಕೆ ಕಟ್ಕೊಂಡು ಹಾರಿ ಇನ್ನೂರು ಮೀಟರ್ ದಾಟಿದ, ಎರಡೂ ಕಾಲು ಮುರಿದು ಜೀವನಪೂರ್ತಿ ಕುಂಟ್ತಾ ಇದ್ದ. ಅದೇ ಐಲ್ಮರ್ 1066ರಲ್ಲಿ ಹ್ಯಾಲಿ ಧೂಮಕೇತು ನೋಡಿ "ನಿನ್ನನ್ನ ಮುಂಚೇನೂ ನೋಡಿದೀನಿ" ಅಂದ್ನಂತೆ, 989ರಲ್ಲಿ ಅದು ಬಂದಿತ್ತಲ್ಲ, ಅಂದ್ರೆ ಆಗ ಮುದುಕ.

ಇಬ್ಬರ ಕಥೇಲೂ ಸೋತಿದ್ದಕ್ಕೆ ಕೊಟ್ಟಿರೋ ಕಾರಣ ಒಂದೇ. ಬಾಲ ಇರ್ಲಿಲ್ಲ!

ನೀಲಿ_ಅಂಗಳ
ಫಿರ್ನಾಸ್ ಕಥೆ ನಮಗೆ ಸಿಗೋದು ಅಲ್ ಮಕ್ಕರಿ ಅನ್ನೋ ಇತಿಹಾಸಕಾರ ಬರೆದಿದ್ದರಲ್ಲಿ, ಅದು ಏಳುನೂರು ವರ್ಷಕ್ಕೂ ಹೆಚ್ಚು ಆದ್ಮೇಲೆ ಬರೆದಿದ್ದು. ಐಲ್ಮರ್ ಕಥೆಗೆ ಸಾಕ್ಷಿ ಗಟ್ಟಿ, ಅದೇ ಮಠದ ವಿಲಿಯಂ ಅನ್ನೋ ಇತಿಹಾಸಕಾರ ಸುಮಾರು ನೂರು ವರ್ಷದ ಮೇಲೆ ಬರೆದದ್ದು, ಐಲ್ಮರ್‌ನನ್ನ ನೋಡಿದವರು ಇನ್ನೂ ಮಠದಲ್ಲಿ ಇದ್ದಿರಬಹುದು. ಎರಡನ್ನೂ ಒಂದೇ ತಕ್ಕಡೀಲಿ ಇಡೋಕಾಗಲ್ಲ.

ಧಾರವಾಡದ_ಗಾಳಿಪಟ
ಬಾಲ ಇಲ್ದ ಹೆಂಗ ಹಾರತದ್ರೀ! ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತದ ಈ ಮಾತು. ಗಾಳಿಪಟಕ್ಕ ಬಾಲಂಗೋಚಿ ಕಟ್ಟಲಿಲ್ಲ ಅಂದ್ರ ಮ್ಯಾಲ ಹೋಗತದ, ಗಿರಗಿರ ತಿರಗತದ, ತೆಳಗ ಬಂದು ಬೀಳತದ. ನಮ್ಮಪ್ಪ ಹಳೇ ಧೋತರದ ಅಂಚು ಹರಿದು ಬಾಲಂಗೋಚಿ ಮಾಡಿ ಕೊಡತಿದ್ದರು, ಗಾಳಿ ಜೋರ ಇದ್ರ ಉದ್ದಂದು, ಸಣ್ಣ ಗಾಳಿಗೆ ಗಿಡ್ಡಂದು. ಸೂತ್ರ ಕಟ್ಟೂದಂತೂ ಅವರ ಕೈಯಾಗನ ಆಗಬೇಕು, ಮ್ಯಾಲಿನ ದಾರ ಒಂದು ಬೆರಳು ಗಿಡ್ಡ ಆದ್ರೂ ಪಟ ತಲಿ ಎತ್ತೂದಿಲ್ಲ. ಗೋಪುರದ ಮ್ಯಾಲಿಂದ ಜಿಗಿಯೂದಕ್ಕ ಮದಲ ಆ ಸನ್ಯಾಸಿ ಒಂದು ಪಟಾ ಹಾರಿಸಿ ನೋಡಬೇಕಿತ್ತು.

ಲೇತ್_ಮಶೀನು
ಧಾರವಾಡದವ್ರೇ, ಬಾಲಂಗೋಚಿ ಬೇರೆ, ವಿಮಾನದ ಬಾಲ ಬೇರೆ. ಬಾಲಂಗೋಚಿ ಗಾಳಿಗೆ ಎಳೆತ ಕೊಟ್ಟು ಪಟದ ತಲೆ ತಿರುಗದಂಗೆ ಹಿಡಿಯುತ್ತೆ. ವಿಮಾನದ ಬಾಲ ಒಂದು ಪುಟ್ಟ ರೆಕ್ಕೆ, ಮೂತಿ ಮೇಲೆದ್ರೆ ಕೆಳಗೆ ತರುತ್ತೆ, ಕೆಳಗಾದ್ರೆ ಮೇಲೆತ್ತುತ್ತೆ.

ಧಾರವಾಡದ_ಗಾಳಿಪಟ
ಎರಡೂ ಹಿಂದನ ಇರೂದು, ಎರಡೂ ನೆಟ್ಟಗ ಹಿಡಿಯೂದು. ಮತ್ತ ಇನ್ನೊಂದು ಕೇಳ್ರಿ, ಚೀನಾದಾಗ ಪಟ ಕಟ್ಟೂ ವಿದ್ಯಾ ಎರಡು ಸಾವಿರ ವರ್ಷದ ಹಿಂದಿಂದ ಅದ. 559ರಾಗ ಅಲ್ಲಿ ಉತ್ತರ ಚೀ ಅರಸ ಕೈದಿಗಳ್ನ ಪಟಕ್ಕ ಕಟ್ಟಿ ಗೋಪುರದ ಮ್ಯಾಲಿಂದ ನೂಕಿಸಿದ್ದ. ಅದರಾಗ ಯುವಾನ್ ಹುವಾಂಗ್‌ತೋ ಅನ್ನಾಂವ ಒಬ್ಬ ದೂರ ಹೋಗಿ ಜೀವಂತ ಇಳದ. ಆಮ್ಯಾಲ ಅವನ್ನ ಸೆರಿಮನಿಯೊಳಗ ಕೊಂದರು. ಹಾರಿದ ಮನಷ್ಯಾಗ ಬಹುಮಾನ ಕೊಡೂದು ಬಿಟ್ಟು ಕೊಂದರು ಅಂದ್ರ, ಆ ವಿದ್ಯಾ ಹೆಂಗ ಬೆಳೀತದ?

ಸಂಪಿಗೆ_ಶಿರಸಿ
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ. ಪಾಪ ಅನ್ನಿಸ್ತು.

ಅಜ್ಜಿ_ಕಥೆ
ಪುರಾಣದ ಕಡೆಯಿಂದ ಒಂದು ಮಾತು. ಇಕಾರಸ್ ಕಥೆ ಎಲ್ರಿಗೂ ಗೊತ್ತು, ಕ್ರೀಟ್ ದ್ವೀಪದಿಂದ ತಪ್ಪಿಸ್ಕೊಳ್ಳೋಕೆ ಅಪ್ಪ ಡೆಡಲಸ್ ಗರಿ, ಮೇಣದಲ್ಲಿ ರೆಕ್ಕೆ ಮಾಡ್ತಾನೆ, ಮಗ ಸೂರ್ಯನ ಹತ್ರ ಹೋಗಿ ಮೇಣ ಕರಗಿ ಸಮುದ್ರಕ್ಕೆ ಬೀಳ್ತಾನೆ. ನಮ್ಮ ಸಂಪಾತಿ ಕಥೆ ಯಾಕೆ ಯಾರೂ ಜೊತೇಲಿಟ್ಟು ನೋಡಲ್ಲ? ಜಟಾಯು, ಸಂಪಾತಿ ಅಣ್ಣತಮ್ಮ ಇಬ್ರೂ ಪೈಪೋಟಿ ಮೇಲೆ ಸೂರ್ಯನ ಕಡೆ ಹಾರ್ತಾರೆ. ತಮ್ಮ ಜಟಾಯು ಬಿಸಿಲಿಗೆ ಬಸವಳಿತಾನೆ. ಅಣ್ಣ ಅವನ ಮೇಲೆ ತನ್ನ ರೆಕ್ಕೆ ಹರಡಿ ನೆರಳು ಮಾಡ್ತಾನೆ, ಆ ರೆಕ್ಕೆ ಸುಟ್ಟು ವಿಂಧ್ಯದ ಮೇಲೆ ಬೀಳ್ತಾನೆ. ವರ್ಷಾನುಗಟ್ಟಲೆ ರೆಕ್ಕೆ ಇಲ್ಲದೆ ಬಿದ್ದಿದ್ದವನು ಕಪಿಗಳಿಗೆ ಸೀತೆ ಇರೋ ಜಾಗ ಹೇಳಿದ್ಮೇಲೆ ರೆಕ್ಕೆ ಮತ್ತೆ ಚಿಗುರುತ್ತೆ. ಗ್ರೀಕರ ಕಥೇಲಿ ಹುಡುಗ ಅಪ್ಪನ ಮಾತು ಮೀರಿ ಬಿದ್ದ, ಇಲ್ಲಿ ಅಣ್ಣ ತಮ್ಮನನ್ನ ಕಾಪಾಡೋಕೆ ಹೋಗಿ ಬಿದ್ದ. ನನಗೆ ಸಂಪಾತಿ ಕಥೇನೇ ದೊಡ್ಡದು ಅನ್ಸುತ್ತೆ.

ಪರ್ಷಿಯಾದಲ್ಲಿ ಕೈಕಾವೂಸ್ ಅನ್ನೋ ರಾಜನ ಕಥೆ ಇದೆ. ಸಿಂಹಾಸನದ ನಾಲ್ಕು ಮೂಲೆಗೆ ಹದ್ದು ಕಟ್ಟಿ, ಮೇಲೆ ಕೋಲಿಗೆ ಮಾಂಸ ಸಿಗಿಸ್ತಾನೆ, ಹದ್ದು ಮಾಂಸಕ್ಕೆ ಹಾರ್ತಾ ಸಿಂಹಾಸನಾನೂ ಎತ್ಕೊಂಡು ಹೋಗುತ್ತೆ, ಸುಸ್ತಾದಾಗ ಕೆಳಗೆ ಬೀಳ್ತಾನೆ. ಮೆಸೊಪೊಟೇಮಿಯಾದಲ್ಲಿ ಎಟಾನಾ ಹದ್ದಿನ ಬೆನ್ನೇರಿ ಹೋಗ್ತಾನೆ. ಹೆದರಿಕೆ ಇದ್ದಿದ್ದು ಎತ್ತರದ ಬಗ್ಗೆ, ದೇವರ ಜಾಗಕ್ಕೆ ಕಾಲಿಡೋದ್ರ ಬಗ್ಗೆ.

ನೀಲಿ_ಅಂಗಳ
ಮೇಲೆ ಹೋದ್ರೆ ಬಿಸಿ ಅನ್ನೋದು ಎರಡೂ ಕಥೇಲಿ ಇದೆ ನೋಡಿ. ನಿಜ ಗೊತ್ತಾಗಿದ್ದು 1783ರ ಡಿಸೆಂಬರ್ 1ಕ್ಕೆ. ಪ್ಯಾರಿಸ್‌ನಲ್ಲಿ ಷಾರ್ಲ್ ಅನ್ನೋ ವಿಜ್ಞಾನಿ ಹೈಡ್ರೋಜನ್ ಬಲೂನಲ್ಲಿ ಸ್ನೇಹಿತನ ಜೊತೆ ಹೋಗಿ ಇಳಿದ್ರು. ಆಮೇಲೆ ಸ್ನೇಹಿತನನ್ನ ಇಳಿಸಿ ಒಬ್ರೇ ಮತ್ತೆ ಏರಿದ್ರು, ತೂಕ ಕಮ್ಮಿ ಆಗಿದ್ದಕ್ಕೆ ಸುಮಾರು ಮೂರು ಸಾವಿರ ಮೀಟರ್ ಹತ್ರ ಹೋಗ್ಬಿಡ್ತು. ಕೊರೆಯೋ ಚಳಿ, ಕಿವಿ ವಿಪರೀತ ನೋವು. ಕೆಳಗೆ ಆಗ್ಲೇ ಸೂರ್ಯ ಮುಳುಗಿತ್ತು, ಮೇಲೆ ಹೋದಾಗ ಮತ್ತೆ ಕಾಣಿಸ್ತು, ಒಂದೇ ಸಂಜೆ ಎರಡು ಸೂರ್ಯಾಸ್ತ ನೋಡಿದ್ರು! ಆಮೇಲೆ ಅವರು ಇನ್ಯಾವತ್ತೂ ಬಲೂನ್ ಹತ್ಲಿಲ್ಲ.

ಅಜ್ಜಿ_ಕಥೆ
ಎರಡು ಸೂರ್ಯಾಸ್ತ! ಮೈ ಜುಂ ಅಂತು ಓದಿ.

ಹಳೇ_ಮೈಸೂರು
ಎಲ್ಲ ಪರದೇಶದ ಮಾತೇ ಆಯ್ತು. ಪುಷ್ಪಕ ವಿಮಾನ ಮರೆತ್ರಾ? ನಮ್ಮ ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ವೈಮಾನಿಕ ಶಾಸ್ತ್ರ? ಭರದ್ವಾಜ ಮಹರ್ಷಿಗಳ ಗ್ರಂಥ ಅದು. 1895ರಲ್ಲೇ ಮುಂಬೈ ಚೌಪಾಟಿಯಲ್ಲಿ ತಳಪದೆ ಅನ್ನೋರು ವಿಮಾನ ಹಾರಿಸಿದ್ರು, ರೈಟ್ ಸಹೋದರರಿಗಿಂತ ಎಂಟು ವರ್ಷ ಮುಂಚೆ.

ಲೇತ್_ಮಶೀನು
ಸರ್, ಗೌರವದಿಂದಲೇ ಹೇಳ್ತೀನಿ. ಸುಬ್ಬರಾಯ ಶಾಸ್ತ್ರಿಗಳು ಅದನ್ನ ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ಮೈಸೂರಿನ ಜೋಸ್ಯರ್ ಅವರು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ್ದು 1973ರಲ್ಲಿ. ಮರು ವರ್ಷವೇ ನಮ್ಮ ಬೆಂಗಳೂರಿನ ಐಐಎಸ್ಸಿಯ ಐದು ಜನ, ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು, ಕೂತು ಪೂರ್ತಿ ಪರಿಶೀಲಿಸಿದ್ರು. ಭಾಷೆ ಹೊಸ ಕಾಲದ ಸಂಸ್ಕೃತ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಹೇಳಿರೋ ಯಾವ ವಿಮಾನವೂ ಹಾರಲ್ಲ ಅಂತ ಬರೆದ್ರು. ಚಿತ್ರಗಳನ್ನ ಬರೆದವರು ಎಲ್ಲಪ್ಪ ಅನ್ನೋ ಡ್ರಾಫ್ಟ್ಸ್‌ಮನ್, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನವರು. ತಳಪದೆಯವರ ಹಾರಾಟಕ್ಕೂ ಆ ಕಾಲದ ಗಟ್ಟಿ ದಾಖಲೆ ಯಾರೂ ತೋರಿಸಿಲ್ಲ.

ಹಳೇ_ಮೈಸೂರು
ಐದು ಜನ ಬರೆದ್ರೆ ಮುಗೀತಾ? ಋಷಿಗಳ ಜ್ಞಾನ ಬಾಯಿಂದ ಬಾಯಿಗೆ ಬಂದಿದ್ದು. ಭಾಷೆ ಹೊಸದಾದ್ರೆ ಒಳಗಿನ ವಿಷಯಾನೂ ಹೊಸದೇ ಅಂತ ಹೇಳೋಕಾಗಲ್ಲ.

ಲೇತ್_ಮಶೀನು
ಭಾಷೆ ಪಕ್ಕಕ್ಕಿಡಿ, ಆ ಚಿತ್ರದಲ್ಲಿರೋ ಅಳತೇಲೇ ಒಂದು ಮಾದರಿ ಮಾಡಿ ಗಾಳೀಲಿ ಹಿಡಿದು ನೋಡೋಣ. ಯಾರೇ ಬರೆದಿರಲಿ, ಪರೀಕ್ಷೆ ಅದೇ. ಕ್ರೀಟ್‌ನವರಿಗೂ ಅದೇ, ಕಾರ್ಡೋಬಾದವರಿಗೂ ಅದೇ.

ಅಜ್ಜಿ_ಕಥೆ
ಹಳೇ ಮೈಸೂರಿನವರೇ, ನಾನು ರಾಮಾಯಣ ದಿನಾ ಓದೋಳು. ಪುಷ್ಪಕ ಮನಸ್ಸಲ್ಲಿ ನೆನೆದ ಕಡೆ ಹೋಗುತ್ತೆ, ಕುಬೇರನದ್ದು, ರಾವಣ ಕಿತ್ಕೊಂಡಿದ್ದು, ರಾಮ ಅಯೋಧ್ಯೆಗೆ ಬಂದ್ಮೇಲೆ ಕುಬೇರನಿಗೇ ವಾಪಸ್ ಕಳಿಸಿದ್ದು. ವಾಲ್ಮೀಕಿ ಅದರ ತಯಾರಿ ವಿಧಾನ ಹೇಳೋಕೆ ಹೊರಟಿಲ್ಲ. ವಾಪಸ್ ಹೋಗುವಾಗ ರಾಮ ಸೀತೆಗೆ ಕೆಳಗೆ ಬೆರಳು ತೋರಿಸಿ ಸೇತುವೆ, ಕಿಷ್ಕಿಂಧೆ, ಪಂಪೆ ಅಂತ ಒಂದೊಂದೇ ಜಾಗ ಹೇಳ್ತಾ ಹೋಗ್ತಾನಲ್ಲ, ನೆಲವನ್ನ ಮೇಲಿಂದ ನೋಡಿದ್ರೆ ಹೇಗಿರುತ್ತೆ ಅಂತ ಯಾರೂ ನೋಡದ ಕಾಲದಲ್ಲಿ ಒಬ್ಬ ಕವಿ ಕಂಡಿದ್ದು ಅದು. ಅದಕ್ಕೆ ಎಂಜಿನ್ ಹುಡುಕಿ ಯಾಕೆ ಚಿಕ್ಕದು ಮಾಡ್ಬೇಕು?

ಹಳೇ_ಮೈಸೂರು
ನಿಮ್ಮ ಮಾತಿಗೆ ಎದುರಾಡಲ್ಲ ತಾಯಿ. ಶಾಸ್ತ್ರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನನಗೆ.

ಕುಡ್ಲ_ಕಡಲು
ವಿಷಯಕ್ಕೆ ಬನ್ನಿ ಮಾರಾಯ್ರೆ. ನಾನು ಮಹಾರಾಷ್ಟ್ರದ ಕಾಮ್‌ಶೆಟ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕಲಿತವ. ಅಲ್ಲಿ ಸೀದಾ ಬೆಟ್ಟದ ತುದಿಯಿಂದ ಬಿಡುವುದಿಲ್ಲ. ಮೊದಲು ನೆಲದಲ್ಲೇ ನಿಂತು ರೆಕ್ಕೆಯನ್ನು ತಲೆ ಮೇಲೆ ಎತ್ತಿ ಹಿಡಿಯುವುದು. ಅದು ಎಡಕ್ಕೆ ವಾಲಿದರೆ ನಾವು ಎಡಕ್ಕೆ ಓಡಬೇಕು, ಬಲಕ್ಕೆ ವಾಲಿದರೆ ಬಲಕ್ಕೆ. ಆಮೇಲೆ ಸಣ್ಣ ಇಳಿಜಾರಿನಲ್ಲಿ ಓಡುತ್ತಾ ಓಡುತ್ತಾ ಕಾಲು ನೆಲ ಬಿಡುತ್ತದೆ, ಎರಡಾಳೆತ್ತರವೂ ಇಲ್ಲ, ಇಳಿದಾಯಿತು, ಮತ್ತೆ ಗಂಟುಕಟ್ಟಿಕೊಂಡು ಮೇಲೆ ಹತ್ತು. ಇಳಿಯುವಾಗ ಎರಡೂ ಬ್ರೇಕ್ ಹಗ್ಗ ಸೊಂಟದ ಕೆಳಗೆ ಎಳೆಯಬೇಕು, ಒಂದು ಗಳಿಗೆ ಮುಂಚೆ ಎಳೆದರೆ ಮೇಲಿಂದ ದೊಪ್ಪನೆ ಬೀಳ್ತೇವೆ, ತಡವಾದರೆ ಮುಖ ಅಡಿಯಾಗಿ ಜಾರ್ತೇವೆ. ಆ ಫಿರ್ನಾಸ್ ಕಥೆಯಲ್ಲೂ ಅದೇ ಉಂಟಲ್ಲ, ಹಕ್ಕಿಗಳು ಇಳಿಯುವಾಗ ಬಾಲ ಬಳಸುವುದನ್ನು ಅವ ಗಮನಿಸಲಿಲ್ಲ ಅಂತ.

ಹಾಗಾಗಿ ನನ್ನ ಉತ್ತರ ಇಷ್ಟು. ಗೋಪುರದಿಂದ ಜಿಗಿಯುವವನಿಗೆ ಒಂದೇ ಅವಕಾಶ. ಕಾಲು ಮುರಿದರೆ ಕಲಿತದ್ದೂ ಅಲ್ಲಿಗೇ ನಿಂತಿತು. ಮೆಟ್ಟಿಲು ಮೆಟ್ಟಿಲಾಗಿ ಕಲಿಯಬಹುದು ಅಂತ ಯಾರಿಗೂ ಹೊಳೆಯಲಿಲ್ಲ, ಅದೇ ತಡ ಆದದ್ದಕ್ಕೆ ಕಾರಣ.

ಬೆಣ್ಣೆದೋಸೆ_ದಾವಣಗೆರೆ
ಇದು ನೂರಕ್ಕೆ ನೂರು ಸರಿ. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ ತೋರಿಸಿದವರು ಜರ್ಮನಿಯ ಓಟೋ ಲಿಲಿಯೆಂಥಾಲ್. ಮೊದಲು ಕೊಕ್ಕರೆಗಳನ್ನ ನೋಡಿ, ಬಾಗಿದ ರೆಕ್ಕೆ ಎಷ್ಟು ಎತ್ತುತ್ತೆ ಅಂತ ಅಳತೆ ತೆಗೆದು, 1889ರಲ್ಲಿ ಪುಸ್ತಕ ಬರೆದ್ರು. 1891ರಿಂದ ಹಾರಾಟ ಶುರು. ಬರ್ಲಿನ್ ಹತ್ರ ಹಾರೋಕೆ ಅಂತಾನೇ 15 ಮೀಟರ್ ಎತ್ತರದ ಮಣ್ಣಿನ ಗುಡ್ಡ ಮಾಡಿಸ್ಕೊಂಡ್ರು, ಯಾವ ದಿಕ್ಕಿಂದ ಗಾಳಿ ಬಂದ್ರೂ ಅದಕ್ಕೆ ಎದುರಾಗಿ ಓಡೋಕೆ ಆಗ್ಲಿ ಅಂತ. ಐದು ವರ್ಷದಲ್ಲಿ ಸುಮಾರು 2000 ಸಲ ಹಾರಿದ್ರು, ದೊಡ್ಡ ಹಾರಾಟ 250 ಮೀಟರ್. 1896ರ ಆಗಸ್ಟ್ 9ಕ್ಕೆ ಗ್ಲೈಡರ್ ಗಾಳೀಲಿ ನಿಂತು 15 ಮೀಟರ್ ಮೇಲಿಂದ ಬಿದ್ರು, ಮರುದಿನ ತೀರ್ಕೊಂಡ್ರು. ಆದ್ರೆ ಅಷ್ಟೊತ್ತಿಗೆ ಅವರ ಅಳತೆ ಪಟ್ಟಿ, ಫೋಟೋ ಎಲ್ಲ ಲೋಕಕ್ಕೆ ತಲುಪಿತ್ತು. ರೈಟ್ ಸಹೋದರರು ಶುರು ಮಾಡಿದ್ದು ಅದನ್ನ ಓದಿನೇ.

ನೀಲಿ_ಅಂಗಳ
ಜಾರ್ಜ್ ಕೇಲಿ ಹೆಸರು ಬಿಟ್ರೆ ಹೇಗೆ? ಮೆಟ್ಟಿಲಿಗಿಂತ ಮುಂಚೆ ಸರಿಯಾದ ಯೋಚನೆ ಬೇಕಿತ್ತು. ಹಕ್ಕಿಗೆ ಒಂದೇ ರೆಕ್ಕೆ ಎರಡು ಕೆಲಸ ಮಾಡುತ್ತೆ, ಮೇಲೆತ್ತೋದೂ ಅದೇ, ಮುಂದಕ್ಕೆ ನೂಕೋದೂ ಅದೇ. ಎರಡನ್ನೂ ಬೇರೆ ಮಾಡಿ, ರೆಕ್ಕೆ ಅಲುಗಾಡದೆ ನಿಂತಿರಲಿ, ಮುಂದಕ್ಕೆ ನೂಕೋದಕ್ಕೆ ಬೇರೆ ಏನಾದ್ರೂ ಇರಲಿ ಅಂತ ಸ್ಪಷ್ಟವಾಗಿ ಮೊದಲು ಹೇಳಿದ್ದು ಕೇಲಿ. 1799ರಲ್ಲಿ ಒಂದು ಬೆಳ್ಳಿ ಬಿಲ್ಲೆ ಮೇಲೆ ಕೆತ್ತಿಟ್ಟಿದ್ದಾರೆ, ಒಂದು ಮುಖದಲ್ಲಿ ರೆಕ್ಕೆ ಮೇಲಿನ ಬಲಗಳ ಚಿತ್ರ, ಇನ್ನೊಂದರಲ್ಲಿ ನಿಂತ ರೆಕ್ಕೆ, ಬಾಲ ಇರೋ ವಿಮಾನದ ಚಿತ್ರ. 1853ರಲ್ಲಿ, ಸುಮಾರು 80ರ ವಯಸ್ಸಲ್ಲಿ, ಯಾರ್ಕ್‌ಷೈರಿನ ಬ್ರಾಂಪ್ಟನ್‌ನಲ್ಲಿ ತಮ್ಮ ಕೋಚ್‌ಮನ್‌ನನ್ನ ಗ್ಲೈಡರಲ್ಲಿ ಕೂರಿಸಿ ಕಣಿವೆ ದಾಟಿಸಿದ್ರು. ಇಳಿದವನು "ನನ್ನ ಸೇರಿಸ್ಕೊಂಡಿದ್ದು ಗಾಡಿ ಹೊಡೆಯೋಕೆ, ಹಾರೋಕಲ್ಲ" ಅಂತ ಕೆಲಸ ಬಿಟ್ನಂತೆ, ಕೇಲಿ ಮೊಮ್ಮಗಳು ನೆನಪಿಂದ ಹೇಳಿದ ಮಾತು.

ಲಿಯೊನಾರ್ಡೊ ಟಿಪ್ಪಣಿಗಳು ಶತಮಾನಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬಿದ್ದಿದ್ವು. ಅದೇ ಕೇಲಿ 1809-10ರಲ್ಲಿ ಪತ್ರಿಕೇಲಿ ಅಚ್ಚು ಹಾಕಿಸಿದ್ರು. ಬರೆದಿದ್ದು ಇನ್ನೊಬ್ಬನ ಕೈಗೆ ಸಿಗ್ಬೇಕು.

ಕುಡ್ಲ_ಕಡಲು
ಯೋಚನೆ ಮೊದಲಾ, ಅಭ್ಯಾಸ ಮೊದಲಾ ಅಂತ ಜಗಳ ಬೇಡ. ಕೇಲಿಯವರ ಯೋಚನೆ ಇದ್ದೂ ನಲವತ್ತು ವರ್ಷ ಯಾರೂ ಸರಿಯಾಗಿ ಹಾರಲಿಲ್ಲ, ಅವರು ಸ್ವತಃ ಹಾರಲಿಲ್ಲ, ಕೋಚ್‌ಮನ್ನನ್ನು ಕಳಿಸಿದರು. ಮೈಗೆ ಬಂದ ವಿದ್ಯೆ ಕಾಗದದಲ್ಲಿ ಬರುವುದಿಲ್ಲ.

ನೀಲಿ_ಅಂಗಳ
ಮೈಗೆ ಬಂದ ವಿದ್ಯೆ ಇದ್ದ ಲಿಲಿಯೆಂಥಾಲ್ ಮೈ ವಾಲಿಸಿನೇ ಗ್ಲೈಡರ್ ತಿರುಗಿಸ್ತಿದ್ರು, ಅದು ಸಾಲದೆ ಸತ್ರು. ರೈಟ್ ಸಹೋದರರಿಗೆ ಎರಡೂ ಇತ್ತು. ಅವರ ಲೆಕ್ಕ ಹೊಂದ್ತಿಲ್ಲ ಅಂತ ಕಂಡಾಗ 1901ರಲ್ಲಿ ಪೆಟ್ಟಿಗೆಯಂಥ ಗಾಳಿ ಸುರಂಗ ಮಾಡಿ ಇನ್ನೂರರಷ್ಟು ರೆಕ್ಕೆ ಆಕಾರ ಅಳೆದ್ರು, 1902ರಲ್ಲಿ ಗ್ಲೈಡರಲ್ಲೇ ಏಳುನೂರಕ್ಕೂ ಹೆಚ್ಚು ಸಲ ಹಾರಿ ಕಲಿತ್ರು, ಆಮೇಲೆ ಎಂಜಿನ್ ಇಟ್ರು. 1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, ಅದೇ ದಿನದ ನಾಲ್ಕನೇದು 59 ಸೆಕೆಂಡು, 260 ಮೀಟರ್.

ಮಗ್ಗದ_ಮನೆ
ಬಿಸಿಗಾಳಿ ಬಲೂನ್ ಬಗ್ಗೆ ಯಾರೂ ಹೇಳ್ಲಿಲ್ಲ, ಮೇಡಂ ಕೇಳಿದ್ದು ಮೊದಲು ಅದೇ. ನಾವು ನೇಕಾರ ಮನೆತನ, ಬಟ್ಟೆ ಕಡೆಯಿಂದ ಹೇಳ್ತೀನಿ. ಗಾಳಿ 100 ಡಿಗ್ರಿಗೆ ಕಾದ್ರೆ ಒಂದು ಘನ ಮೀಟರಿಗೆ ಕಾಲು ಕೆಜಿ ಅಷ್ಟೇ ಎತ್ತೋದು. ಒಬ್ಬ ಮನುಷ್ಯ, ಬುಟ್ಟಿ, ಒಲೆ, ಬಟ್ಟೆ ಎಲ್ಲ ಸೇರಿ 150 ಕೆಜಿ ಅಂದ್ರೂ 600 ಘನ ಮೀಟರ್ ಬೇಕು. ಅಂಥ ಗುಂಡಗಿನ ಚೀಲಕ್ಕೆ ಹತ್ತಿರ ಹತ್ತಿರ 350 ಚದರ ಮೀಟರ್ ಬಟ್ಟೆ, ಐವತ್ತೈದು ಸೀರೆಯಷ್ಟು. ಅದೂ ಗಾಳಿ ಸೋರದ ಬಟ್ಟೆ. ನಮ್ಮ ಕೈಮಗ್ಗದ ಹತ್ತಿ ಬಟ್ಟೆ ಬಾಯಿಗೆ ಹಿಡಿದು ಊದಿ ನೋಡಿ, ಉಸಿರು ಆ ಕಡೆ ಹೋಗುತ್ತೆ, ಬೆವರು ಆರ್ಲಿ ಅಂತ್ಲೇ ಹಾಗೆ ನೇಯೋದು. 1783ರ ಆ ಬಲೂನು ಮಾಡಿದ ಮಾಂಟ್‌ಗಾಲ್ಫಿಯೇ ಅಣ್ಣತಮ್ಮಂದಿರ ಮನೆತನದ ಕಸುಬು ಕಾಗದ ಮಾಡೋದು, ಬಟ್ಟೆಗೆ ಒಳಗಿಂದ ಕಾಗದ ಅಂಟಿಸೋದು ಅವರಿಗೆ ಸಲೀಸು. ನವೆಂಬರ್ 21ಕ್ಕೆ ಇಬ್ರನ್ನ ಎತ್ತಿದ ಬಲೂನು ಸುಮಾರು 2200 ಘನ ಮೀಟರ್ ಇತ್ತು. ಬೆಂಕಿ ಹತ್ತದಂಗೆ ಪಟಿಕ ಹಚ್ತಿದ್ರು. ಇಷ್ಟು ಬಟ್ಟೆ, ಇಷ್ಟು ಕಾಗದ ಸುಟ್ಟುಹೋದ್ರೂ ಪರವಾಗಿಲ್ಲ ಅಂತ ಕೊಡೋಕೆ ಯಾರಿದ್ರು? ಅರಮನೆಯಂಥವರೇ ಆಗ್ಬೇಕು.

ಲೇತ್_ಮಶೀನು
ಅದ್ಭುತ ಲೆಕ್ಕ. ಸೇರಿಸ್ತೀನಿ, ಅವರಿಗೂ ಪೂರ್ತಿ ಸಿದ್ಧಾಂತ ಗೊತ್ತಿರ್ಲಿಲ್ಲ. ಎತ್ತೋದು ಹೊಗೆ ಅಂತ ನಂಬಿ ಒದ್ದೆ ಹುಲ್ಲು, ಉಣ್ಣೆ ಸುಡ್ತಿದ್ರು. ಸಿದ್ಧಾಂತ ತಪ್ಪಿದ್ರೂ ಹಾರ್ತು. ಚೀನಾದಲ್ಲಿ ಸಣ್ಣ ಕಾಗದದ ದೀಪ ಹಾರಿಸೋದು ಮುಂಚೆಯಿಂದ ಇತ್ತು, ಅದನ್ನ ಮನೆಯಷ್ಟು ದೊಡ್ಡದು ಮಾಡೋ ಮನಸ್ಸು ಯಾರಿಗೂ ಬರ್ಲಿಲ್ಲ.

ಕಾಲೇಜು_ಕಟ್ಟೆ
ಅದೇ 1783ರಲ್ಲಿ ವರ್ಸೈ ಅರಮನೆ ಮುಂದೆ ಬಲೂನಲ್ಲಿ ಕುರಿ, ಬಾತುಕೋಳಿ, ಹುಂಜ ಕಳಿಸಿದ್ದು ಹೇಳ್ರಪ್ಪ ಯಾರಾದ್ರೂ!! ಸೆಪ್ಟೆಂಬರ್ 19. ಮೂರೂ ಬದುಕಿ ಬಂದ್ವು. 1785 ಜನವರಿಯಲ್ಲಿ ಬ್ಲಾಂಷಾರ್, ಜೆಫ್ರಿಸ್ ಇಂಗ್ಲಿಷ್ ಕಾಲುವೆ ದಾಟುವಾಗ ಬಲೂನ್ ಇಳೀತಿದೆ ಅಂತ ಇದ್ದಬದ್ದದ್ದೆಲ್ಲ ಎಸೆದು ಕೊನೆಗೆ ಪ್ಯಾಂಟೂ ಬಿಚ್ಚಿ ಎಸೆದ್ರು

ಕುಡ್ಲ_ಕಡಲು
ಅದೇ ಕಾಲುವೆ ದಾಟಲು ಹೋಗಿ ಅದೇ ವರ್ಷ ಜೂನ್‌ನಲ್ಲಿ ಪಿಲಾತ್ರ್ ದ ರೋಜಿಯೇ ಸತ್ತರು, ಮೊದಲು ಹಾರಿದ ಇಬ್ಬರಲ್ಲಿ ಒಬ್ಬರು ಅವರು.

ಬೆಣ್ಣೆದೋಸೆ_ದಾವಣಗೆರೆ
ಒಂದು ಮಾತು ಲೇತ್ ಸರ್‌ಗೆ. ಬೊರೆಲ್ಲಿ ಆಗಲ್ಲ ಅಂದಿದ್ದು ತೋಳಿನ ಬಗ್ಗೆ. ಕಾಲಲ್ಲಿ ಆಯ್ತು! 1988ರ ಏಪ್ರಿಲ್ 23ಕ್ಕೆ ಅಮೆರಿಕದ ಎಂಐಟಿ ತಂಡ ಡೆಡಲಸ್ ಅಂತಾನೇ ಹೆಸರಿಟ್ಟು ವಿಮಾನ ಮಾಡಿ, ಕಾನೆಲ್ಲೋಸ್ ಕಾನೆಲ್ಲೋಪೌಲೋಸ್ ಅನ್ನೋ ಗ್ರೀಕ್ ಸೈಕಲ್ ಚಾಂಪಿಯನ್ ಪೆಡಲ್ ತುಳಿದು ಕ್ರೀಟ್‌ನಿಂದ ಸ್ಯಾಂಟೊರಿನಿಗೆ 115 ಕಿಲೋಮೀಟರ್ ಹಾರಿದ್ರು, ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ. ರೆಕ್ಕೆ 34 ಮೀಟರ್ ಅಗಲ, ವಿಮಾನದ ತೂಕ ಬರೀ 31 ಕೆಜಿ. ದಡ ಇನ್ನೇನು ಕೆಲವೇ ಮೀಟರ್ ಇದೆ ಅನ್ನುವಾಗ ಗಾಳಿಗೆ ಬಾಲದ ಕೊಳವೆ ಮುರಿದು ನೀರಿಗೆ ಬಿದ್ದು, ಈಜ್ಕೊಂಡು ದಡ ಸೇರಿದ್ರು.

ಧಾರವಾಡದ_ಗಾಳಿಪಟ
ಅಲ್ಲೂ ಬಾಲಾನ ಮುರೀತಲ್ರೀ!

ಸಂಪಿಗೆ_ಶಿರಸಿ
ಎಲ್ಲ ಬರ್ಕೊಂಡೆ, ಸೀರೆ ಲೆಕ್ಕ ಸೋಮವಾರ ಬೋರ್ಡ್ ಮೇಲೆ ಮಕ್ಕಳ ಕೈಲೇ ಮಾಡಿಸ್ತೀನಿ. ಒಂದು ಸಣ್ಣ ಬಿಸಿಗಾಳಿ ಬಲೂನ್ ಶಾಲೇಲೇ ಮಾಡಿ ಹಾರಿಸೋಣ ಅಂತ ಆಸೆ, ಕಾಗದದ್ದು, ಕೆಳಗೆ ಬತ್ತಿ ಇಟ್ಟು. ಯಾರಾದ್ರೂ ಮಾಡಿದ್ದೀರಾ?

ಮಗ್ಗದ_ಮನೆ
ಬತ್ತಿ ಇಟ್ಟು ಬೇಡ ಮೇಡಂ, ದಯವಿಟ್ಟು. ಹುಲ್ಲಿನ ಬಣವೆ ಮೇಲೋ ಅಡಿಕೆ ಸೋಗೆ ಮೇಲೋ ಬಿದ್ರೆ ಗತಿ ಏನು.

ಲೇತ್_ಮಶೀನು
ಬೆಂಕಿ ಬೇಡ್ವೇ ಬೇಡ, ಬಿಸಿಲು ಸಾಕು. ಕಸದ ಡಬ್ಬಿಗೆ ಹಾಕೋ ತೆಳು ಕಪ್ಪು ಪ್ಲಾಸ್ಟಿಕ್ ಚೀಲ ಬರುತ್ತಲ್ಲ, ಇರೋದ್ರಲ್ಲೇ ತೆಳುವಾದದ್ದು ತಗೊಳ್ಳಿ, ತಳ ಕತ್ತರಿಸಿ ಒಂದಕ್ಕೊಂದು ಟೇಪ್ ಹಚ್ಚಿ ಉದ್ದ ಕೊಳವೆ ಮಾಡಿ, ಎರಡೂ ತುದಿ ಕಟ್ಟಿ. ಒಳಗೆ ಬೆಳಗಿನ ತಣ್ಣನೆ ಗಾಳಿನೇ ತುಂಬ್ಕೊಂಡು ಬಿಸಿಲಿಗಿಡಿ, ಕಪ್ಪು ಬಣ್ಣ ಕಾದು ಒಳಗಿನ ಗಾಳಿ ಬಿಸಿಯಾಗಿ ತಾನೇ ಏಳುತ್ತೆ. ಗಾಳಿ ಬೀಸೋಕೆ ಮುಂಚೆ, ಎಂಟೂವರೆ ಒಂಬತ್ತರ ಒಳಗೆ ಮಾಡಿ. ದಾರ ಕಟ್ಟೋದು ಮರೀಬೇಡಿ, ಗಟ್ಟಿ ದಾರ. ಟೇಪ್ ಜಾಸ್ತಿ ಹಚ್ಚಿದ್ರೆ ತೂಕಕ್ಕೆ ಏಳಲ್ಲ, ಅದೊಂದು ನೋಡ್ಕೊಳ್ಳಿ.

ಸಂಪಿಗೆ_ಶಿರಸಿ
ಇದು ಆಗುತ್ತೆ. ಚೀಲ ಎಷ್ಟು ಬೇಕು ಸರ್?

ಲೇತ್_ಮಶೀನು
ದೊಡ್ಡ ಸೈಜಿಂದು ಒಂದು ಕಟ್ಟು ತನ್ನಿ, ಉದ್ದ ಆದಷ್ಟೂ ಒಳ್ಳೇದು. ಮೋಡ ಇರೋ ದಿನ ಹಿಡ್ಕೊಂಡು ಕೂರ್ಬೇಡಿ, ಶಿರಸಿ ಕಡೆ ಮಳೆಗಾಲ ಮುಗಿದ್ಮೇಲೆ ಇಟ್ಕೊಳ್ಳಿ.